ಮೀಸೆಗೆ ಮಣ್ಣು, ಬೆನ್ನಿಗೆ ಮಣ್ಣು

ಹೊನ್ನಾಳಿ

ವಿದೇಶಕ್ಕೆ ಹೋಗುವವರು ಏನೇನೋ ನೋಡಲು ಹೋಗುತ್ತಾರೆ. ನಾನು ಹೋದದ್ದು ಒಬ್ಬ ಮನುಷ್ಯ ಹೇಗೆ ಬೀಳುತ್ತಾನೆ ಎಂದು ನೋಡಲು.

ನನ್ನ ತಂದೆ ಹೊನ್ನಾಳಿಯ ಗರಡಿಮನೆಯ ಉಸ್ತಾದರು. ವಯಸ್ಸಾಗಿದೆ, ಮಂಡಿ ಹಿಡಿದುಕೊಂಡಿದೆ, ಆದರೂ ಬೆಳಿಗ್ಗೆ ಗರಡಿಯ ಬಾಗಿಲು ತೆಗೆಯುವವರು ಅವರೇ. ನಾನು ಗಿರಿಜಾ, ಅವರ ಒಬ್ಬಳೇ ಮಗಳು. ಜಗಳೂರಿಗೆ ಕೊಟ್ಟ ಹೆಣ್ಣು. ಅಲ್ಲೇ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ನಾನು ಕುಸ್ತಿ ಕಲಿತದ್ದೆಲ್ಲ ಕಿಟಕಿಯಿಂದ. ಸರಳಿಗೆ ಮೂಗು ಒತ್ತಿಕೊಂಡು ನಿಂತು ಒಂದೊಂದು ಪಟ್ಟನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಆ ಕಿಟಕಿಯಿಂದ ನಾನು ಎಲ್ಲರಿಗಿಂತ ಹೆಚ್ಚು ನೋಡಿದ್ದು ಪರಸುವನ್ನು.

ಪರಸು ನ್ಯಾಮತಿಯವನು. ಮೀಸೆ ಮೂಡುವ ಮೊದಲೇ ಅಪ್ಪನ ಕೈಗೆ ಬಂದ. ನಮ್ಮ ಮನೆಯಲ್ಲಿ ಉಂಡು, ಗರಡಿಯಲ್ಲಿ ಮಲಗಿ ಬೆಳೆದ. ನನಗೆ ಒಡಹುಟ್ಟಿದವರಿಲ್ಲ ಎಂಬ ಕೊರತೆ ಅವನಿಂದ ನೀಗಿತು. ಸುತ್ತಿನ ಊರುಗಳಲ್ಲಿ ಅವನ ಎದುರು ತೊಡೆ ತಟ್ಟಲು ಗಂಡಸರು ಹಿಂದೆಮುಂದೆ ನೋಡುತ್ತಿದ್ದರು. ಆಮೇಲೆ ಥಾಯ್ಲೆಂಡಿನ ಒಂದು ಬಾಕ್ಸಿಂಗ್ ಶಾಲೆಗೆ ಕುಸ್ತಿ ಕಲಿಸುವವರು ಬೇಕೆಂದು ಯಾರೋ ಕರೆದರು, ಹೋದ. ಅಲ್ಲಿಂದ ಸಿನಿಮಾಕ್ಕೆ ಹೋದ. ಹೊಡೆದಾಟದ ಸಿನಿಮಾ. ನಾಯಕನ ಕೈಯಲ್ಲಿ ಏಟು ತಿಂದು ನೆಲಕ್ಕೆ ಬೀಳುವ ದಾಂಡಿಗನ ಪಾತ್ರ.

ನಮ್ಮ ಗರಡಿಯ ಕಟ್ಟಳೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬೋರಲು ಬಿದ್ದವನು ಇನ್ನೂ ಸೋತಿಲ್ಲ. ಅಂಗಾತ ಬಿದ್ದು ಬೆನ್ನಿಗೆ ಮಣ್ಣು ಹತ್ತಿತೋ, ಕುಸ್ತಿ ಮುಗಿಯಿತು. ಹಾಗೆ ಸೋತವನು ತನ್ನ ಬೆನ್ನಿನ ಮಣ್ಣನ್ನು ತಾನೇ ಕೊಡವಿಕೊಳ್ಳುವಂತಿಲ್ಲ, ಬೇರೆಯವರೂ ಮುಟ್ಟುವಂತಿಲ್ಲ. ಉಸ್ತಾದರೇ ಬಂದು ಕೈಯಿಂದ ಒರೆಸಬೇಕು. ಒರೆಸುತ್ತಾ ಎಲ್ಲಿ ತಪ್ಪಾಯಿತು ಎಂದು ಅವನ ಕಿವಿಗಷ್ಟೇ ಕೇಳುವಂತೆ ಹೇಳಬೇಕು.

ಚನ್ನಗಿರಿಯ ಹಳೆಯ ಪೈಲ್ವಾನರೊಬ್ಬರು ಟೀವಿಯಲ್ಲಿ ಪರಸುವಿನ ಸಿನಿಮಾ ನೋಡಿ ಬಂದು, “ಉಸ್ತಾದ್ರೇ, ನಿಮ್ಮ ಹುಡುಗ ಯಾವನೋ ಕಡ್ಡಿ ಪೈಲ್ವಾನನ ಕೈಲಿ ಒದೆಸ್ಕೊಂಡು ಬಿದ್ದ ಕಣ್ರೀ” ಎಂದು ಅಪ್ಪನಿಗೆ ವರದಿ ಒಪ್ಪಿಸಿದರು. ಬಿದ್ದ ಎಂಬುದನ್ನು ಅಪ್ಪ ಕೇಳಿಸಿಕೊಂಡರು. ಹೇಗೆ ಬಿದ್ದ ಎಂದು ಕೇಳಲಿಲ್ಲ. ಅಂದಿನಿಂದ ಪರಸುವಿನ ಫೋನು ಎತ್ತುವುದನ್ನು ಬಿಟ್ಟರು.

ಈ ಬೇಸಿಗೆ ರಜೆಗೆ ಮೊದಲು ಪರಸು ನನಗೆ ಫೋನು ಮಾಡಿದ. “ಅಕ್ಕಾ, ಒಂದು ದೊಡ್ಡ ಪಾತ್ರ ಸಿಕ್ಕೈತೆ. ಇಷ್ಟು ದಿನ ನನ್ನ ಪಾತ್ರಕ್ಕೆ ಹೆಸರೇ ಇರ್ತಿರ್ಲಿಲ್ಲ. ಇದಕ್ಕೆ ಹೆಸರೈತೆ. ಆದ್ರೆ ಕಡೇಗೆ ಅಂಗಾತ ಬೀಳಬೇಕು. ಉಸ್ತಾದ್ರು ಹೂಂ ಅಂದ್ರೆ ಮಾಡ್ತೀನಿ, ಇಲ್ಲಾಂದ್ರೆ ಇಲ್ಲ. ಟಿಕೇಟು ಕಳಿಸ್ತೀನಿ, ಅವರನ್ನ ಕರ್ಕೊಂಡು ಬಾ.”

ಇಷ್ಟು ವರ್ಷ ಬಿದ್ದುಕೊಂಡೇ ಬಂದವನಿಗೆ ಈಗ ಯಾಕೆ ಅಪ್ಪಣೆ ಎಂದು ನನಗೂ ಅನ್ನಿಸಿತು. ಅವನ ಸಿನಿಮಾಗಳನ್ನು ನಾನು ನೋಡಿದ್ದೆ, ಆದರೆ ಅವನಿಗೆ ಏಟು ಬೀಳುವಾಗೆಲ್ಲ ಕಣ್ಣು ಮುಚ್ಚಿಕೊಂಡು. ಹೊನ್ನಾಳಿಗೆ ಹೋಗಿ ಕೇಳಿದರೆ ಅಪ್ಪನದೂ ಅದೇ ಮಾತು. “ದಿನಾ ಬೀಳೋನಿಗೆ ನನ್ನ ಅಪ್ಪಣೆ ಯಾಕೆ? ನಾ ಬರಲ್ಲ.” ಸ್ವಲ್ಪ ಹೊತ್ತು ಮೀಸೆ ತಿರುವಿ ಮತ್ತೆ ಹೇಳಿದರು: “ನೀನು ಹೋಗು. ನಿನ್ನ ಕಣ್ಣಾಗೆ ನೋಡಿ ಬಂದು ಹೇಳು, ಅವ ಇನ್ನೂ ಪೈಲ್ವಾನ ಅದಾನೋ ಇಲ್ಲೋ ಅಂತ.”

ಕಿಟಕಿಯ ಆಚೆ ನಿಂತ ಹುಡುಗಿಯ ಕಣ್ಣಿನ ಮೇಲೆ ಅಪ್ಪನಿಗೆ ಅಷ್ಟು ನಂಬಿಕೆ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೊರಡುವಾಗ ಗರಡಿಯ ಹೊರಗೆ ಒಣಹಾಕಿದ್ದ ಮಣ್ಣಿನ ರಾಶಿಯಿಂದ ಒಂದು ಬೊಗಸೆ ಕಟ್ಟಿಕೊಂಡೆ. ಅಪ್ಪ ಆ ಕಡೆ ಮುಖ ತಿರುಗಿಸಿ ನಿಂತರು.

ಬ್ಯಾಂಕಾಕ್, ವಿಮಾನ ನಿಲ್ದಾಣ

ಗರಡಿಯ ಮಣ್ಣೆಂದರೆ ಹೊಲದ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಹಾಕಿ ಹದ ಮಾಡಿರುತ್ತಾರೆ. ನಮಗೆ ಅದು ದೇವರ ಪ್ರಸಾದ. ಬ್ಯಾಂಕಾಕಿನ ತಪಾಸಣೆಯ ಅಧಿಕಾರಿಗೆ ಅದು ಕಮಟು ವಾಸನೆಯ, ಅನುಮಾನದ ಪುಡಿ. ಅವನು ಗಂಟು ಬಿಚ್ಚಿದ, ಮೂಸಿದ, ನನ್ನ ಮುಖ ನೋಡಿದ, ಮತ್ತೊಬ್ಬನನ್ನು ಕರೆದ. ಅವನೂ ಮೂಸಿದ.

ನನ್ನ ಇಂಗ್ಲಿಷ್ ಜಗಳೂರಿನ ಬಸ್ ಸ್ಟ್ಯಾಂಡ್ ದಾಟಿದ್ದಲ್ಲ. ಕುಸ್ತಿಯ ಮಣ್ಣು ಎಂದು ಹೇಗೆ ತಿಳಿಸುವುದು? ಮಾತಿಗಿಂತ ಮೈ ವಾಸಿ ಎಂದುಕೊಂಡು, ಸೆರಗು ಸಿಕ್ಕಿಸಿ, ಕಾಲು ಅಗಲಿಸಿ ನಿಂತು ಫಟ್ಟೆಂದು ತೊಡೆ ತಟ್ಟಿದೆ. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ. ಸಾಲಿನಲ್ಲಿ ನನ್ನ ಹಿಂದೆ ಇದ್ದವರು ನಾಲ್ಕು ಹೆಜ್ಜೆ ಸರಿದರು.

ಕೊನೆಗೆ ಮಣ್ಣನ್ನು ತೋರಿಸಿ “ಗುರು, ಗುರು” ಎಂದೆ. ಅವನ ಮುಖ ಅರಳಿತು. “ಖ್ರೂ?” ಎಂದ. ನಮ್ಮ ಗುರುವೇ ಅಲ್ಲಿ ಖ್ರೂ ಆಗಿದ್ದಾನೆಂದು ಆಮೇಲೆ ತಿಳಿಯಿತು. ಆ ಮನುಷ್ಯ ಗಂಟಿನ ಮುಂದೆ ಎರಡೂ ಕೈ ಜೋಡಿಸಿ ತಲೆ ಬಾಗಿಸಿದ. ಪಾರಾದೆ ಎಂದುಕೊಂಡೆ. ನಮಸ್ಕಾರ ಮುಗಿಸಿ ಗಂಟನ್ನು ಎತ್ತಿ ಒಳಗಿಟ್ಟುಕೊಂಡ. ಹೊರದೇಶದ ಮಣ್ಣು ಒಳಗೆ ಬರುವಂತಿಲ್ಲ ಎಂದು ಗೋಡೆಯ ಚಿತ್ರ ತೋರಿಸಿದ. ಭಕ್ತಿಯೇ ಬೇರೆ, ಕಾನೂನೇ ಬೇರೆ. ನಮ್ಮ ಕಡೆಯಾಗಿದ್ದರೆ ಭಕ್ತಿಯ ಜೊತೆ ಒಂದಿಷ್ಟು ವಶೀಲಿಯೂ ನಡೆಯುತ್ತಿತ್ತು.

ಬ್ಯಾಂಕಾಕ್, ಪರಸುವಿನ ಮನೆ

ಹೊರಗೆ ಕಾಯುತ್ತಿದ್ದವಳು ಪರಸುವಿನ ಹೆಂಡತಿ ನೋಯ್. ಆ ಊರಿನವಳು, ತೆಳ್ಳಗೆ, ನಗುಮುಖ. ನನ್ನನ್ನು ಕಂಡವಳೇ ಕೈ ಮುಗಿದು “ಅಕ್ಕಾ, ಉಂಡಿಯಾ?” ಎಂದಳು. ನಾನು ಅಲ್ಲೇ ಕರಗಿದೆ. ಅವರಲ್ಲೂ ಎದುರು ಸಿಕ್ಕವರನ್ನು ಮೊದಲು ಊಟ ಆಯಿತೇ ಎಂದೇ ಕೇಳುತ್ತಾರಂತೆ. ಕನ್ನಡ ಕಲಿತದ್ದು ಗಂಡನಿಂದ. ಹಾಗಾಗಿ ಅವಳದು ಅಪ್ಪಟ ನ್ಯಾಮತಿ. ಟ್ಯಾಕ್ಸಿ ತಡವಾದಾಗ “ಎಲ್ಲಿ ಹಾಳಾಗಿ ಹೋದ ಇವನು” ಎಂದು ಗೊಣಗಿದಳು. ಪರದೇಶದಲ್ಲಿ ಅಷ್ಟು ಹಿತವಾದ ಬೈಗುಳ ನಾನು ಕೇಳಿರಲಿಲ್ಲ.

ದಾರಿಯಲ್ಲಿ ಒಂದು ಪೇಟೆಯಲ್ಲಿ ಇಳಿದೆವು. ಸಂಜೆ ಆರರ ಹೊತ್ತು. ಧ್ವನಿವರ್ಧಕದಲ್ಲಿ ಏನೋ ಹಾಡು ಶುರುವಾಯಿತು, ಇಡೀ ಪೇಟೆ ಇದ್ದ ಹಾಗೇ ನಿಂತುಬಿಟ್ಟಿತು. ಮಾವಿನಹಣ್ಣು ಹೆಚ್ಚುತ್ತಿದ್ದವಳ ಚಾಕು ಕೂಡ ನಿಂತಿತು. ನಾನೊಬ್ಬಳು ಚೀಲ ಬೀಸಿಕೊಂಡು ನಡೆದೇ ನಡೆದೆ. ಅದು ಅವರ ರಾಷ್ಟ್ರಗೀತೆ, ದಿನಕ್ಕೆ ಎರಡು ಸಲ ಹೀಗೆ ನಿಲ್ಲುತ್ತಾರೆ ಎಂದು ನೋಯ್ ಆಮೇಲೆ ಹೇಳಿದಳು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಅಲುಗಾಡಿದ ಮಕ್ಕಳಿಗೆ ಸೀಟಿ ಊದುವ ನಾನು ನಾಚಿ ನೀರಾದೆ. ನಮ್ಮ ಜಗಳೂರಿನಲ್ಲಿ ಬಸ್ಸು ಬಂದರೂ ಜನ ಸಾಲಾಗಿ ನಿಲ್ಲುವುದಿಲ್ಲ.

ಮನೆಯ ಮುಂದೆ ಕಂಬದ ಮೇಲೊಂದು ಪುಟ್ಟ ಗುಡಿ. ಅದರ ದೇವರಿಗೆ ನೈವೇದ್ಯವಾಗಿ ಕೆಂಪು ಸೋಡಾ ಬಾಟ್ಲಿ, ಅದರೊಳಗೆ ಹೀರಲು ಕೊಳವೆ ಕೂಡ ಇಟ್ಟಿದ್ದರು. ನಮ್ಮ ದೇವರುಗಳಿಗೆ ಈ ಸೌಕರ್ಯ ಯಾರೂ ಯೋಚಿಸಿಲ್ಲ. ನಗುತ್ತಾ ತಿರುಗಿದರೆ ಬಾಗಿಲಲ್ಲಿ ಪರಸು.

ನಗು ನಿಂತುಹೋಯಿತು. ಮೈಕಟ್ಟು ಅದೇ, ಆನೆಯ ಹಾಗೆ. ಅಲ್ಲಿಯವರೂ ಅವನನ್ನು ‘ಚಾಂಗ್’, ಅಂದರೆ ಆನೆ, ಎಂದೇ ಕರೆಯುತ್ತಾರೆ. ಆದರೆ ಮುಖ! ಮೂಗು ಎಡಕ್ಕೆ ವಾಲಿತ್ತು. ಒಂದು ಕೆನ್ನೆಯ ಮೂಳೆ ತಗ್ಗಿತ್ತು. ನಕ್ಕಾಗ ಮುಂದಿನ ಹಲ್ಲುಗಳು ಕಟ್ಟಿಸಿದವು ಎಂದು ಗೊತ್ತಾಗುತ್ತಿತ್ತು. ಸಿನಿಮಾದಲ್ಲಿ ಬಣ್ಣ ಎಲ್ಲವನ್ನೂ ಮುಚ್ಚಿತ್ತು.

“ಏನೋ ಇದು ಪರಸಾ, ಯಾರು ಹೊಡೆದ್ರೋ?”

“ಯಾರೂ ಹೊಡೆದಿಲ್ಲಕ್ಕಾ. ಬಿದ್ದಿದ್ದು,” ಎಂದು ನನ್ನ ಕಾಲು ಮುಟ್ಟಿ, ಹಿಂದೆ ಬೇರೆ ಯಾರಾದರೂ ಇಳಿಯುತ್ತಾರೇನೋ ಎಂದು ಟ್ಯಾಕ್ಸಿಯ ಕಡೆ ನೋಡಿದ. “ಉಸ್ತಾದ್ರು ಬರ್ಲಿಲ್ಲಾ?”

ನಾನು ತಲೆಯಾಡಿಸಿದೆ. ಮಣ್ಣು ವಿಮಾನ ನಿಲ್ದಾಣದಲ್ಲಿ ಉಳಿದ ಕತೆಯನ್ನೂ ಹೇಳಿದೆ. ಅದಕ್ಕೆ ಅವನು ಜೋರಾಗಿ ನಕ್ಕ.

ಬಾಕ್ಸಿಂಗ್ ಶಾಲೆ

ಮರುದಿನ ಅವನು ಮೊದಲು ಕೆಲಸ ಮಾಡಿದ ಶಾಲೆಗೆ ಹೋದೆವು. ಅದೂ ಒಂದು ಗರಡಿಯೇ. ಮಣ್ಣಿನ ಬದಲು ಮೆತ್ತೆ, ಹನುಮಂತನ ಪಟದ ಬದಲು ಸತ್ತುಹೋದ ಗುರುಗಳ ಪಟಗಳು. ಬೆವರಿನ ವಾಸನೆ ಮಾತ್ರ ಹೊನ್ನಾಳಿಯದೇ. ಹೆಣ್ಣುಮಕ್ಕಳೂ ಗುದ್ದುತ್ತಿದ್ದರು. ನನ್ನನ್ನು ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ನನಗಾದ ಸಂತೋಷವನ್ನು ಅಲ್ಲಿದ್ದ ಯಾರಿಗೂ ವಿವರಿಸಲು ಸಾಧ್ಯವಿರಲಿಲ್ಲ.

ಅಲ್ಲಿ ಪಂದ್ಯಕ್ಕೆ ಮೊದಲು ಗುರುವಿಗೆ ಮಂಡಿಯೂರಿ ನಮಸ್ಕಾರ ಮಾಡುವುದು ಕಡ್ಡಾಯ. ಗುರು ಇರುವ ದಿಕ್ಕಿಗೆ ತಿರುಗಿ ಮಾಡುತ್ತಾರೆ. ಪರಸು ಬಂದಂದಿನಿಂದ ಪಡುವಣಕ್ಕೆ ತಿರುಗಿಯೇ ಮಾಡುತ್ತಾನಂತೆ. ಒಬ್ಬ ಹುಡುಗಿ ಪಡುವಣದ ಗೋಡೆಯ ಕಡೆ ಕೈ ತೋರಿಸಿ “ಹೊನ್ನಾಲಿ” ಎಂದಳು. ಹೊನ್ನಾಳಿ ಯಾವ ದಿಕ್ಕಿಗಿದೆ ಎಂದು ಆ ಶಾಲೆಗೆಲ್ಲ ಗೊತ್ತಿತ್ತು.

ಪರಸುವನ್ನು ಸಿನಿಮಾಕ್ಕೆ ಕರೆದುಕೊಂಡು ಹೋದ ಸಾಹಸ ನಿರ್ದೇಶಕರೂ ಅಲ್ಲಿಗೆ ಬಂದಿದ್ದರು. ಮುದುಕರು, ಒಣಕಲು ಮೈ; ಎಲ್ಲರೂ ಅವರನ್ನು ಖ್ರೂ ಎನ್ನುತ್ತಿದ್ದರು. ಅವರು ಹೇಳುತ್ತಾ ಹೋದರು, ನೋಯ್ ಕನ್ನಡಕ್ಕೆ ತಂದಳು. ಅವಳಿಗೆ ಮಾತು ಸಿಗದ ಕಡೆ ಖ್ರೂ ಎದ್ದು ಅಭಿನಯಿಸಿದರು.

ಮೊದಲ ದಿನದ ಚಿತ್ರೀಕರಣದಲ್ಲಿ ನಾಯಕ ಎದೆಗೆ ಒದೆಯಬೇಕು, ಪರಸು ಹಿಂದಕ್ಕೆ ಹಾರಿ ಅಂಗಾತ ಬೀಳಬೇಕು. ಕೆಳಗೆ ಮೆತ್ತೆ ಹಾಸಿದ್ದರು. ಒದ್ದರು, ಹಾರಿದ, ಗಾಳಿಯಲ್ಲೇ ಬೆಕ್ಕಿನ ಹಾಗೆ ಮೈ ತಿರುಚಿ ಬೋರಲು ಬಿದ್ದ. ಮತ್ತೆ ಒದ್ದರು. ಮತ್ತೆ ಬೋರಲು. ಆ ಸಿನಿಮಾದ ನಿರ್ದೇಶಕರು ತಲೆ ಚಚ್ಚಿಕೊಂಡರು, ನಾಯಕನಿಗೆ ಒದ್ದೂ ಒದ್ದೂ ಕಾಲು ನೋವು ಬಂತು. ಬೇಕೆಂದು ಮಾಡಿದ್ದಲ್ಲ. ಗರಡಿಯಲ್ಲಿ ಬೆಳೆದ ಮೈ, ಬೆನ್ನು ಕೊಡಲು ಒಪ್ಪುವುದೇ ಇಲ್ಲ. ಇಂಥ ತಪ್ಪನ್ನು ನಮ್ಮ ಕಡೆಯವರಲ್ಲದೆ ಬೇರೆ ಯಾರು ತಾನೇ ಮಾಡಿಯಾರು!

ಅವನನ್ನು ಮನೆಗೆ ಕಳಿಸಲು ಹೊರಟಾಗ ಖ್ರೂ ತಡೆದರಂತೆ. ಅಂಗಾತ ಬೀಳುವವರು ನೂರು ಜನ ಸಿಗುತ್ತಾರೆ, ಹೀಗೆ ಬೀಳುವವನು ಇವನೊಬ್ಬನೇ. ಇದನ್ನೇ ಇವನ ಗುರುತು ಮಾಡೋಣ ಎಂದರು. ಹಾಗೇ ಆಯಿತು. ‘ಮುಖ ಅಡಿಯಾಗಿ ಬೀಳುವ ಆನೆ’ಯನ್ನು ನೋಡಲೆಂದೇ ಜನ ಬರತೊಡಗಿದರು. ಆದರೆ ಅಂಗಾತ ಬೀಳುವುದು ಕಲಿತರೆ ಬರುವ ವಿದ್ಯೆ, ಮೈಗೆ ಪೆಟ್ಟಾಗುವುದಿಲ್ಲ. ಬೋರಲು ಬೀಳುವವನ ಮುಖವೇ ಮೆತ್ತೆ. ಮೂಗು, ಹಲ್ಲು, ಕೆನ್ನೆ ಎಲ್ಲ ಹೋದದ್ದು ಹಾಗೆ. ಕತ್ತೂ ಸವೆದಿದೆ, ಇನ್ನೊಂದು ಸಲ ಹಾಗೆ ಬಿದ್ದರೆ ಕೈಕಾಲು ಆಡದೆ ಹೋಗಬಹುದು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

‘ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂದು ನಾವು ಜಂಬದವರನ್ನು ಆಡಿಕೊಳ್ಳುತ್ತೇವಲ್ಲ, ಇವನದು ತಿರುಗಾಮುರುಗಾ. ಇಷ್ಟು ವರ್ಷ ಮೀಸೆಯೆಲ್ಲ ಮಣ್ಣು ಮಾಡಿಕೊಂಡ, ಬೆನ್ನಿಗೆ ಮಾತ್ರ ಒಂದು ಹರಳೂ ಹತ್ತಗೊಡಲಿಲ್ಲ. ನಮ್ಮವರು ಯಾರೂ ನೋಡದ ಊರಿನಲ್ಲಿ, ಫೋನನ್ನೂ ಎತ್ತದ ಗುರುವಿನ ಒಂದು ಮಾತಿಗೆ.

ನಾನು ಎಲ್ಲರ ಮುಂದೆ ಅತ್ತೆ. ಪರಸು ಗಾಬರಿಯಾಗಿ “ನೀರು ಕುಡಿಯಕ್ಕಾ, ಇಲ್ಲಿ ಸೆಕೆ ಜಾಸ್ತಿ” ಎಂದ.

“ಬಿಡೋ ಅತ್ಲಾಗೆ. ಪಾತ್ರ ಬ್ಯಾಡ ಅನ್ನು, ಊರಿಗೆ ಬಾ,” ಎಂದೆ.

“ಮಾಡಬೇಕು ಅಂತ ಆಸೆ ಐತಕ್ಕಾ,” ಎಂದ. “ಇಷ್ಟು ವರ್ಷದಾಗೆ ನಾ ಬಿದ್ದ ಮೇಲೆ ನನ್ನ ಮುಖ ಯಾರೂ ನೋಡಿಲ್ಲ. ಇದರಾಗೆ ಬಿದ್ದು, ಆಕಾಶ ನೋಡ್ಕಂತ ಮಾತಾಡಾಕೆ ಐತೆ. ಆದ್ರೆ ಉಸ್ತಾದ್ರ ಮಾತು ಮೀರಿ ಹೆಂಗೆ ಬೀಳ್ಲಿ?”

ಕಾಂಚನಬುರಿ

ಚಿತ್ರೀಕರಣ ನಡೆಯುವ ಊರಿನ ಹೆಸರು ಕಾಂಚನಬುರಿ. ಹೆಸರು ಕೇಳಿದರೆ ನಮ್ಮ ಹರಪನಹಳ್ಳಿ ದಾರಿಯಲ್ಲೆಲ್ಲೋ ಇರಬೇಕು ಅನ್ನಿಸುತ್ತದೆ. ನೆಲವೂ ಹಾಗೇ, ಕೆಂಪಗೆ. ಇಳಿದವಳೇ ಬಗ್ಗಿ ಒಂದು ಹಿಡಿ ಮಣ್ಣು ಹಿಸುಕಿ ನೋಡಿದೆ. ಒಂದಿಷ್ಟು ಮಜ್ಜಿಗೆ, ಎಣ್ಣೆ ಬಿದ್ದರೆ ಗರಡಿಗೆ ಒದಗುವ ಮಣ್ಣೇ.

ಅಲ್ಲಿ ಎಲ್ಲ ಸಿದ್ಧವಾಗಿತ್ತು. ಕ್ಯಾಮೆರಾ ಎತ್ತರದಲ್ಲಿ ನಿಂತಿತ್ತು. ಪರಸುವಿನ ಗುರುವಿನ ಅಪ್ಪಣೆ ಇನ್ನೂ ಬಂದಿಲ್ಲ ಎಂದು ಇಡೀ ತಂಡ ಕಾಯುತ್ತಿತ್ತು. ಯಾರೂ ಗೊಣಗಲಿಲ್ಲ, ಯಾರೂ ನಗಲಿಲ್ಲ. ಗುರು ಒಪ್ಪದೆ ಆಗುವುದಿಲ್ಲ ಎಂದರೆ ಅವರಿಗೆ ಅದು ಮಳೆ ಬಂದರೆ ಆಗುವುದಿಲ್ಲ ಎಂದ ಹಾಗೆ, ಸಾಮಾನ್ಯದ ಮಾತು. ನಿರ್ದೇಶಕಿ ಎಳೆಯ ವಯಸ್ಸಿನವಳು. ನನ್ನ ಕೈಗೆ ಎಳನೀರು ಕೊಟ್ಟು ಪಕ್ಕದಲ್ಲಿ ಕುಳಿತಳು. ಅವತ್ತು ನನ್ನ ಕಣ್ಣಿಗೆ ಅವರೆಲ್ಲ ಬಹಳ ದೊಡ್ಡವರಾಗಿ ಕಂಡರು.

ನಾನು ಅಪ್ಪನ ಗುಂಡಿ ಫೋನಿಗೆ ಕರೆ ಮಾಡಿದೆ. ಸ್ಪೀಕರ್ ಹಾಕಿದೆ. ಊರಿನಲ್ಲಿ ಆಗಷ್ಟೇ ಗರಡಿ ಮುಗಿದಿರಬೇಕು.

“ಅಪ್ಪಾ, ನಾನು ಗಿರಿಜಾ.”

“ಹೂಂ. ಉಂಡ್ಯೇನವ್ವಾ? ನೋಡಿದ್ಯಾ ಅವನ್ನ?”

“ನೋಡ್ದೆ. ಪೈಲ್ವಾನ ಅದಾನಪ್ಪಾ. ಇಷ್ಟು ವರ್ಷ ಒಂದು ದಿನಾನೂ ಬೆನ್ನು ಕೊಟ್ಟಿಲ್ಲ. ಟೀವ್ಯಾಗೆ ಬಿದ್ದಿದ್ದೆಲ್ಲ ಬೋರಲು. ಮೂಗು ಮುರಕಂಡಾನೆ, ಹಲ್ಲು ಕಳಕಂಡಾನೆ, ಕತ್ತು ಹೋಗೈತೆ. ನಿಮ್ಮ ಮಾತಿಗೆ.”

ಅಪ್ಪನ ದನಿ ಬಂತು, ಒಡೆದ ದನಿ. “ಮುಸುಡಿ ಮ್ಯಾಲೆ ಬೀಳು ಅಂತ ಯಾರು ಹೇಳಿದ್ರು ಆ ಮಳ್ಳಂಗೆ? ಫೋನು ಕೊಡು ಅವನಿಗೆ.”

ಪರಸು ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ಫೋನು ಹಿಡಿದು ನಿಂತ. “ಉಸ್ತಾದ್ರೇ.”

“ಯಾರ ಕೈಲಿ ಬೀಳಬೇಕಂತೋ ನೀನು?”

“ಕತೆಯಾಗೆ ನಾನು ಉಸ್ತಾದ ರೀ. ನಾನೇ ಕಲಿಸಿದ ಶಿಷ್ಯ. ಅವನ ಕೈಲಿ.”

“ಆ ಹುಡುಗ ಹೆಂಗದಾನೆ? ಪಟ್ಟು ಸರಿಯಾಗಿ ಹಾಕ್ತಾನಾ?”

“ಹಾಕ್ತಾನೆ ರೀ. ನಾನೇ ಹೇಳಿಕೊಟ್ಟೀನಿ.”

“ಹಂಗಾದ್ರೆ ಬೀಳಲೇ,” ಎಂದರು ಅಪ್ಪ. “ಶಿಷ್ಯನ ಕೈಲಿ ಬೀಳೋದು ಸೋಲಲ್ಲ. ನಿನ್ನ ಕೈಲಿ ಒಂದು ದಿನ ನಾನು ಬೀಳಬೇಕು ಅಂತ ಕಾದಿದ್ದೆ. ನೀನು ಇಮಾನ ಹತ್ತಿ ಹೋದಿ.”

ಫೋನು ಇಟ್ಟರು. ಪರಸು ಬಹಳ ಹೊತ್ತು ಅದನ್ನು ಹಣೆಗೆ ಒತ್ತಿಕೊಂಡು ನಿಂತಿದ್ದ. ನೋಯ್ ಅಪ್ಪ ಹೇಳಿದ್ದನ್ನು ಅವರ ಭಾಷೆಯಲ್ಲಿ ತಂಡಕ್ಕೆ ಹೇಳಿದಳು. ಮುದುಕ ಖ್ರೂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪರಸು ಪಡುವಣಕ್ಕೆ ತಿರುಗಿ ಮಂಡಿಯೂರಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ಶಿಷ್ಯನ ಪಾತ್ರದ ನಟನೂ ಪಕ್ಕದಲ್ಲಿ ಹಾಗೇ ಮಾಡಿದ.

ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಇಬ್ಬರೂ ಸುತ್ತಿದರು, ಕೈಗೆ ಕೈ ಹೆಣೆದರು. ಪರಸುವಿನ ಎಡಗಾಲು ಒಂದು ಗೇಣು ಮುಂದೆ ಬಂತು. ಹುಡುಗ ಅದನ್ನೇ ಹಿಡಿದು ಎತ್ತಿದ. ಗಾಳಿಯಲ್ಲಿ ಪರಸುವಿನ ಮೈ ಹಳೆಯ ಅಭ್ಯಾಸಕ್ಕೆ ತಿರುಚಲು ಹೊರಟದ್ದನ್ನು ನಾನು ಕಂಡೆ. ಅವನು ಅದನ್ನು ತಡೆದದ್ದನ್ನೂ ಕಂಡೆ. ಧಡ್ ಎಂದು ಅಂಗಾತ ಬಿದ್ದ. ಕೆಂಪು ಧೂಳು ಎದ್ದು ಇಳಿಯಿತು. ಕಣ್ಣು ತೆರೆದು ಆಕಾಶ ನೋಡಿದ. ವಾಲಿದ ಮೂಗು, ತಗ್ಗಿದ ಕೆನ್ನೆ, ಎಲ್ಲ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಂಡವು. ಎಷ್ಟು ಚೆಂದದ ಮುಖ ಅದು! ಶಿಷ್ಯನಿಗೆ ಎರಡು ಮಾತು ಹೇಳಿ ಪ್ರಾಣ ಬಿಟ್ಟ. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ತಿಳಿಯಿತು.

ಅಲ್ಲಿ ಒಂದು ಪದ್ಧತಿ ಇದೆ. ಸತ್ತ ಹಾಗೆ ನಟಿಸಿದವನು ಎದ್ದು ಕ್ಯಾಮೆರಾ ನೋಡಿ ನಗಬೇಕು, ಇಲ್ಲದಿದ್ದರೆ ಅಪಶಕುನ ಅಂಟಿಕೊಳ್ಳುತ್ತದಂತೆ. ಪರಸು ಎದ್ದು ಕಟ್ಟಿಸಿದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕ. ತಂಡವೆಲ್ಲ ಚಪ್ಪಾಳೆ ತಟ್ಟಿತು. ಅವನ ಬೆನ್ನೆಲ್ಲ ಕೆಮ್ಮಣ್ಣು. ಒಬ್ಬ ಸಹಾಯಕಿ ಟವೆಲ್ಲು ಹಿಡಿದು ಓಡಿಬಂದಳು. ಪರಸು ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದ.

“ಒರೆಸಬ್ಯಾಡ್ರಿ. ಅಕ್ಕಾ, ಒಂದು ಫೋಟೋ ತೆಗಿ. ಬೆನ್ನಿಂದು.”

ಮತ್ತೆ ಹೊನ್ನಾಳಿ

ಊರಿಗೆ ಬಂದ ಮರುದಿನವೇ ಅಪ್ಪನ ಹತ್ತಿರ ಹೋದೆ. ಗರಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ಕಿಟಕಿಯ ಕೆಳಗಿನ ನನ್ನ ಹಳೆಯ ಜಾಗದಲ್ಲಿ ನಾನು ಕುಳಿತೆ. ಆ ದೇಶದ ಸೋಡಾ ಕುಡಿಯುವ ದೇವರು, ನನ್ನ ತೊಡೆ ತಟ್ಟಿದ ಸಾಹಸ, ಹೆಣ್ಣುಮಕ್ಕಳು ಗುದ್ದುವ ಗರಡಿ ಎಲ್ಲವನ್ನೂ ಹೇಳಿದೆ. ಅಪ್ಪ ಹೂಂಗುಟ್ಟಿದರು. ಕೊನೆಗೆ ಫೋನಿನಲ್ಲಿ ಆ ಫೋಟೋ ತೆಗೆದು ಅವರ ಕೈಗಿಟ್ಟೆ.

ಪರದೆಯ ತುಂಬ ಪರಸುವಿನ ಬೆನ್ನು. ಅಗಲ ಬೆನ್ನು, ಅದರ ತುಂಬ ಕೆಂಪು ಮಣ್ಣು.

ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಯಾವ ಕಾಲು ಮುಂದಿಟ್ಟಿದ್ದ?” ಎಂದು ಕೇಳಿದರು.

“ಎಡಗಾಲು.”

ಬಲಗೈ ಬೆರಳುಗಳನ್ನು ಪಂಚೆಗೆ ಉಜ್ಜಿಕೊಂಡರು. ಪರದೆಯ ಮೇಲಿಟ್ಟು, ಹೆಗಲಿನಿಂದ ಕೆಳಕ್ಕೆ ಮೆಲ್ಲಗೆ ಒರೆಸಿದರು. ಫೋಟೋ ಸರಿದು, ನೋಯ್ ಮಾಡಿದ ಮೀನಿನ ಸಾರಿನ ಬಟ್ಟಲು ಬಂತು. ಅಪ್ಪ ಬೆಚ್ಚಿಬಿದ್ದರು. “ಎಲ್ಲಿ ಹೋತು?”

ನಾನು ಮತ್ತೆ ಬೆನ್ನನ್ನು ತಂದುಕೊಟ್ಟೆ. ಮತ್ತೆ ಒರೆಸಿದರು, ಮತ್ತೆ ಸರಿಯಿತು, ಮತ್ತೆ ತಂದುಕೊಟ್ಟೆ. ಆಮೇಲೆ ಫೋನನ್ನು ಮುಖದ ಹತ್ತಿರ ಹಿಡಿದು, ನನಗೂ ಸರಿಯಾಗಿ ಕೇಳದಷ್ಟು ಸಣ್ಣ ದನಿಯಲ್ಲಿ ಅಪ್ಪ ಹೇಳುತ್ತಿದ್ದರು: “ಎಡಗಾಲು ಹಿಂದಿರಬೇಕಿತ್ತಲೇ ಮಗನೇ. ಬಾ, ಹೇಳಿಕೊಡ್ತೀನಿ.”